ಮೇಣದ್ದು ಇಲ್ಲೇ ಕಾಯಲಿ

ಅಂಚೆಯವನು ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದಾಗ ನಿರಾಕಾರಪ್ಪ ಬಚ್ಚಲುಮನೆಯಲ್ಲಿ ಬಕೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದ. ನಲ್ಲಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಪ್ರತಿ ಹನಿಗೂ ನೀರಿನ ಮೇಲೆ ಒಂದು ಬಳೆ ಎದ್ದು, ಅಗಲವಾಗಿ, ಬಕೆಟ್ಟಿನ ಅಂಚಿಗೆ ತಾಗಿ ಸುಮ್ಮನಾಗುತ್ತಿತ್ತು. ಆ ಬಳೆಯನ್ನು ಕಲ್ಲಿನಲ್ಲಿ ಹಿಡಿಯಬಹುದೇ, ಇಲ್ಲ ಗಾಜೇ ಬೇಕಾದೀತೇ ಎಂದು ಅವನು ಯೋಚಿಸುತ್ತಿದ್ದ. ಸ್ನಾನಕ್ಕೆಂದು ಒಳಗೆ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಮೈ ಇನ್ನೂ ಒದ್ದೆಯಾಗಿರಲಿಲ್ಲ.

ನಿರಾಕಾರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಓಣಿಯವರು ಇಟ್ಟದ್ದು. ಅವನು ಶಿಲ್ಪಿ. ಆದರೆ ಅವನು ಮಾಡಿದ್ದಕ್ಕೆ ಕಣ್ಣು, ಮೂಗು, ಕೈಕಾಲು ಯಾವುದೂ ಇರುತ್ತಿರಲಿಲ್ಲ. ಪಕ್ಕದ ಮನೆಯ ಕಾಂಪೌಂಡರ್, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಕಟ್ಟಿಕೊಟ್ಟು ನಿವೃತ್ತರಾದವರು, ಮೊದಲ ಸಲ ನೋಡಿದಾಗ ಸಮಾಧಾನದ ದನಿಯಲ್ಲಿ "ಇದು ಊತ, ಇಳಿಯುತ್ತೆ ಬಿಡಿ" ಎಂದಿದ್ದರು.

ಹನ್ನೆರಡು ವರ್ಷದಿಂದ ಅವನು ಒಂದೇ ಆಕಾರದ ಬೆನ್ನು ಹತ್ತಿದ್ದ. ಸ್ವಲ್ಪ ಮುಂದಕ್ಕೆ ಬಾಗಿದ ಒಂದು ಉಬ್ಬು, ಅದರ ಮುಂದೆ ಒಂದು ತಗ್ಗು. ಕಿಟಕಿಯಲ್ಲಿ ಕೂತು ಯಾರದೋ ದಾರಿ ನೋಡುವವರು ನೋಡಿ ನೋಡಿ ಕರಗಿಹೋಗಿ, ಅವರ ಬೆನ್ನು ಮಾತ್ರ ಉಳಿದುಕೊಂಡರೆ ಹೇಗಿರುತ್ತದೋ ಹಾಗೆ. ಅದಕ್ಕೆ ಅವನಿಟ್ಟ ಹೆಸರು 'ಕಾಯುವುದು'. ಅದು ಒಂದೇ ವಸ್ತುವಿನಲ್ಲಿ ಪೂರ್ತಿ ಸಿಕ್ಕುವುದಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಆದ್ದರಿಂದ ಮೊದಲು ಕಲ್ಲಿನಲ್ಲಿ ಮಾಡಿದ, ಆಮೇಲೆ ಮರದಲ್ಲಿ, ಆಮೇಲೆ ತಂತಿಯಲ್ಲಿ, ಬಟ್ಟೆಯಲ್ಲಿ. ಹೋದ ವಾರ ಮೇಣದಲ್ಲಿ ಮುಗಿಸಿದ್ದ.

"ಕಲ್ಲು ಕಾಯೋ ರೀತಿನೇ ಬೇರೆ, ಬಟ್ಟೆ ಕಾಯೋ ರೀತಿನೇ ಬೇರೆ," ಎಂದು ಅವನು ಹೆಂಡತಿಗೆ ವಿವರಿಸಿದ್ದ.

"ನಾನು ಕಾಯೋ ರೀತಿ ಯಾವತ್ತಾದ್ರೂ ನೋಡಿದೀರಾ?" ಎಂದು ಅವಳು ಕೇಳಿದ್ದಳು.

ಅವಳು ಹೊಲಿಗೆಯವಳು. ಮನೆಯಲ್ಲಿ ಬೆಳಕು ಬರುವ ದೊಡ್ಡ ಕಿಟಕಿ ಇದ್ದದ್ದು ಒಂದೇ ಕೋಣೆಗೆ. ಆ ಕೋಣೆ ಗಂಡನ ಕಲ್ಲುಪುಡಿ, ತಂತಿಸುರುಳಿ, ಮೇಣದ ಗಟ್ಟಿಗಳಿಂದ ತುಂಬಿತ್ತು. ಅವಳು ಅಡುಗೆಮನೆಯ ಮೂಲೆಯಲ್ಲಿ ಬಲ್ಬಿನ ಕೆಳಗೆ ಕೂತು ಕಪ್ಪು ಬಟ್ಟೆಗೆ ಕಪ್ಪು ದಾರದ ಹೊಲಿಗೆ ಹಾಕುತ್ತಿದ್ದಳು. ಈ ತಿಂಗಳ ಮೊದಲನೇ ತಾರೀಕು ಅವಳು ಕತ್ತರಿ ಕೆಳಗಿಟ್ಟು ಮಾತು ಮುಗಿಸಿದ್ದಳು.

"ಈ ತಿಂಗಳು ಮುಗಿಯೋದ್ರೊಳಗೆ ನೀವು ಮಾಡಿದ್ದು ಒಂದಾದ್ರೂ ಈ ಮನೆಯಿಂದ ಆಚೆ ಹೋಗ್ಬೇಕು. ಯಾರಾದ್ರೂ ಬೇಕು ಅಂತ ಕೇಳಿ ತಗೊಂಡು ಹೋಗ್ಬೇಕು. ಹೋದ್ರೆ ಕೋಣೆ ನಿಮ್ದೇ, ನಾನು ಬಾಯಿ ಬಿಡಲ್ಲ. ಹೋಗ್ಲಿಲ್ಲ ಅಂದ್ರೆ ಕಿಟಕಿ ಹತ್ರ ನನ್ನ ಮಷೀನು."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದು ನಿರಾಕಾರಪ್ಪನಿಗೂ ಗೊತ್ತಿತ್ತು. ಆದರೆ ಆ ಕಿಟಕಿಯ ಬೆಳಕು ಬೆಳಿಗ್ಗೆ ಹತ್ತಕ್ಕೆ ಮೇಣದ ಮೇಲೆ ಬಿದ್ದು ಒಳಗೆ ಇಳಿಯುವುದನ್ನು ನೋಡದೆ ತಾನು ಬದುಕಿರುವುದು ಹೇಗೆಂದು ಅವನಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ. ತಿಂಗಳಿಗೆ ಇನ್ನು ಎರಡೇ ದಿನ ಉಳಿದಿತ್ತು.

ಅಂಚೆಯವನ ಕಾಗದವನ್ನು ಒಡೆದು ಓದಿದವಳೂ ಹೆಂಡತಿಯೇ.

"ಹೊಸ ಗ್ರಂಥಾಲಯದಿಂದ ಬಂದಿದೆ. 'ತಮ್ಮ ಅರ್ಜಿಯನ್ನು ಪರಿಶೀಲಿಸಲಾಯಿತು. ತಾವು ಕಾಯುವುದನ್ನು ಕಣ್ಣಾರೆ ನೋಡಿ ತೀರ್ಮಾನಿಸಲು ನಮ್ಮ ಅಧಿಕಾರಿಯವರು ಗುರುವಾರ ಸಂಜೆ ನಾಲ್ಕು ಗಂಟೆಗೆ ತಮ್ಮಲ್ಲಿಗೆ ಬರುತ್ತಾರೆ. ಹಜಾರದಲ್ಲಿ ಮುಂಬಾಗಿಲಿನ ಪಕ್ಕ ಸ್ಥಳವನ್ನು ಕಾಯ್ದಿರಿಸಲಾಗಿದೆ.' ಗುರುವಾರ ಅಂದ್ರೆ ಇವತ್ತೇ."

ಅರ್ಜಿ ಹಾಕಿದ್ದು ನೆನಪಾಯಿತು. ಗ್ರಂಥಾಲಯದ ಬಾಗಿಲಿಗೆ ಹತ್ತಾರು ಪ್ರಕಟಣೆಗಳನ್ನು ಅಂಟಿಸಿದ್ದರು: ಕುರ್ಚಿ ಬೇಕು, ಹೂಕುಂಡ ಬೇಕು, ಹಜಾರಕ್ಕೊಂದು ಶಿಲ್ಪ ಬೇಕು, ಇನ್ನೂ ಏನೇನೋ ಬೇಕು. ಎಲ್ಲದಕ್ಕೂ ಒಂದೇ ನಮೂನೆಯ ಅರ್ಜಿ. 'ಮಾಡುತ್ತಿರುವುದು' ಎಂಬಲ್ಲಿ ಅವನು 'ಕಾಯುವುದು' ಎಂದು ಬರೆದಿದ್ದ. 'ಎಷ್ಟು ವರ್ಷದಿಂದ' ಎಂಬಲ್ಲಿ ಹನ್ನೆರಡು. 'ಯಾವುದರಲ್ಲಿ ಅನುಭವ' ಎಂಬಲ್ಲಿ ಕಲ್ಲು, ಮರ, ತಂತಿ, ಬಟ್ಟೆ, ಮೇಣ. ಬರೆಯುವಾಗಲೇ ಕಣ್ಣು ತುಂಬಿ ಬಂದಿದ್ದರಿಂದ ಅರ್ಜಿಯ ಉಳಿದ ಭಾಗವನ್ನು ಓದಿರಲಿಲ್ಲ.

"ಮುಂಬಾಗಿಲಿನ ಪಕ್ಕವಂತೆ," ಎಂದು ಅವನು ಕನಸಿನಲ್ಲಿ ಮಾತಾಡಿದಂತೆ ಹೇಳಿದ. ಆ ಹಜಾರ ಅವನ ಕಣ್ಣಮುಂದೆ ಬಂತು. ಎತ್ತರದ ಗಾಜುಗಳು, ತಣ್ಣನೆಯ ನೆಲ, ಪುಸ್ತಕದ ವಾಸನೆ. ಬಾಗಿಲ ಪಕ್ಕ ಅವನ 'ಕಾಯುವುದು', ಹೋಗಿಬರುವವರನ್ನೆಲ್ಲ ನೋಡುತ್ತಾ.

"ಮೊದಲು ಸ್ನಾನ ಮಾಡಿ," ಎಂದಳು ಹೆಂಡತಿ.

ಐದರಲ್ಲಿ ಯಾವುದನ್ನು ತೋರಿಸುವುದು ಎಂಬುದಕ್ಕೆ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಮರದ್ದು ಎರಡು ವರ್ಷದಿಂದ ಹೊಲಿಗೆ ಮೇಜಿನ ಕುಂಟ ಕಾಲಿಗೆ ಆಸರೆಯಾಗಿ ನಿಂತಿತ್ತು. ಅದಕ್ಕೆ ಕೈಹಾಕುವ ಧೈರ್ಯ ಅವನಿಗಿರಲಿಲ್ಲ. ಕಲ್ಲಿನದು ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಿ ಹಿಡಿದಿತ್ತು. ಹಿತ್ತಿಲಲ್ಲೇ ಇದ್ದ ತಂತಿಯದರ ಹೊಟ್ಟೆಯೊಳಗೆ ಒಂದು ಪುಟ್ಟ ಹಕ್ಕಿ ಗೂಡು ಕಟ್ಟಿ ಕಾವಿಗೆ ಕೂತಿತ್ತು. ಬಟ್ಟೆಯದು ಬೀರುವಿನ ಮೇಲೆ ದೂಳು ತಿನ್ನುತ್ತಿತ್ತು. ಮೇಣದ್ದೇ ಸರಿ. ಮೇಣದಷ್ಟು ಚೆನ್ನಾಗಿ ಯಾವುದೂ ಕಾದಿರಲಿಲ್ಲ.

ತೊಂದರೆಯೆಂದರೆ ಬಿಸಿಲು. ಕಿಟಕಿಯ ಬಳಿ ಅದು ಆಗಲೇ ಬೆವರತೊಡಗಿತ್ತು. ನಿರಾಕಾರಪ್ಪ ದೊಡ್ಡ ಪಾತ್ರೆಯಲ್ಲಿ ತಣ್ಣೀರು ತುಂಬಿಸಿ, ಮೇಣದ 'ಕಾಯುವುದ'ನ್ನು ಅದರಲ್ಲಿ ಕೂರಿಸಿ, ಮನೆಯಲ್ಲೇ ತಂಪಾದ ಜಾಗ ಅಡುಗೆಮನೆಯೆಂದು ಅಲ್ಲಿಗೆ ಒಯ್ದ. ಕಟ್ಟೆಯ ಮೇಲೆಲ್ಲ ಹೊಲಿಗೆಯ ಬಟ್ಟೆ ಹರಡಿತ್ತು. ಖಾಲಿಯಿದ್ದದ್ದು ಉರಿಸದ ಒಲೆಯೊಂದೇ. ಅದರ ಮೇಲಿಟ್ಟ. ಹೆಂಡತಿ ಗಿರಾಕಿಯ ಮನೆಗೆ ಹೊರಟಿದ್ದಳು, ಜೊತೆಗೇ ಇದ್ದ ಅವಳ ತಾಯಿ, ಅವನ ಅತ್ತೆ, ಒಳಗೆ ನಿದ್ದೆಯಲ್ಲಿದ್ದರು. ಒಂದು ಚೀಟಿ ಬರೆದು ಪಾತ್ರೆಗೆ ಅಂಟಿಸಿದ: 'ಮೇಣದ್ದು ಇಲ್ಲೇ ಕಾಯಲಿ. ನಾನು ಬರುವವರೆಗೆ ಯಾರೂ ಮುಟ್ಟಬೇಡಿ.'

ಆಮೇಲೆ ಫೋಟೊ ಸ್ಟುಡಿಯೊದಿಂದ ಎತ್ತರದ ಸ್ಟೂಲೊಂದನ್ನು ಎರವಲು ತರಲು ಹೋದ. ಹತ್ತು ನಿಮಿಷದ ದಾರಿ. ಆದರೆ ದಾರಿಯಲ್ಲಿ ಯಾರದೋ ಮಹಡಿಯಿಂದ ಒಣಹಾಕಿದ ಬಿಳಿ ಹಾಸಿಗೆ ಬಟ್ಟೆ ಗಾಳಿ ತುಂಬಿಕೊಂಡು ಉಬ್ಬುತ್ತಿತ್ತು, ಇಳಿಯುತ್ತಿತ್ತು. ನಿರಾಕಾರಪ್ಪ ಅದರ ಕೆಳಗೆ ನಿಂತ. ಅದು ಒಣಗುವವರೆಗೂ ನಿಂತಿದ್ದನೆಂದು ಆ ಮನೆಯವರು ಆಮೇಲೆ ಹೇಳಿದರು.

ಸ್ಟೂಲು ಹೊತ್ತು ಮನೆಗೆ ಬಂದಾಗ ಒಂದೂವರೆ. ಅಡುಗೆಮನೆಯಲ್ಲಿ ಆವಿ ತುಂಬಿತ್ತು. ಅತ್ತೆ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು.

"ಬಂದ್ರಾ ಅಳಿಯಂದಿರೇ. ಒಳ್ಳೇ ಹದವಾಗಿ ಕಾದಿದೆ ನೋಡಿ. ನೀವು ಬರೆದಿದ್ರಲ್ಲ, ಹಾಗೇ ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ. ನಾನೂ ಮುಟ್ಟಿಲ್ಲ."

ನಿರಾಕಾರಪ್ಪ ಪಾತ್ರೆಯೊಳಗೆ ಬಗ್ಗಿ ನೋಡಿದ. ಕುದಿಯುವ ನೀರಿನ ಮೇಲೆ ಹಳದಿ ಎಣ್ಣೆಯಂಥ ಒಂದು ಪದರ ಬಳುಕಾಡುತ್ತಿತ್ತು. ಮೂರು ತಿಂಗಳ ಕೆಲಸ.

"ಅತ್ತೆ," ಎಂದ.

"ದಿನಾ ನೀವು ಮೇಣ ಕಾಯಿಸೋದನ್ನ ನೋಡ್ತೀನಲ್ಲ, ಅದಕ್ಕೇ ಚೀಟಿ ನೋಡಿದ ತಕ್ಷಣ ಗೊತ್ತಾಯ್ತು. ಆದ್ರೂ ಒಲೆ ಹಚ್ಚೋಕೆ ಒಂಥರಾ ಸಂಕಟ ಆಯ್ತಪ್ಪ. ಪಾಪ, ಅದು ತಣ್ಣೀರಲ್ಲಿ ಕೂತ್ಕೊಂಡು ಯಾರ ದಾರಿನೋ ನೋಡ್ತಾ ಇರೋ ಹಾಗಿತ್ತು."

ಹನ್ನೆರಡು ವರ್ಷದಲ್ಲಿ ಅವನ ಕೆಲಸವನ್ನು ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮೊದಲನೆಯ ವ್ಯಕ್ತಿ ಆಕೆ. ನಿರಾಕಾರಪ್ಪನಿಗೆ ಸಿಟ್ಟು ಬರಲೇ ಇಲ್ಲ. ಒಲೆ ಆರಿಸಿ, ಅತ್ತೆಯ ಪಕ್ಕದಲ್ಲಿ ನೆಲಕ್ಕೆ ಕೂತ. ಇಬ್ಬರೂ ಸ್ವಲ್ಪ ಹೊತ್ತು ಆವಿ ಏಳುವುದನ್ನು ನೋಡಿದರು. ಅದು ಕೂಡ ಚೆನ್ನಾಗಿಯೇ ಇತ್ತು.

ಇನ್ನು ಬಟ್ಟೆಯದು. ಅದನ್ನು ಬೀರುವಿನಿಂದ ಇಳಿಸಿ, ದೂಳು ಕೊಡವಿ, ಬಿಸಿಲಿಗೆಂದು ಮುಂದಿನ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂರಿಸಿದ. ಗೋಡೆಯ ಮೇಲಿಂದ ಕಾಂಪೌಂಡರರ ತಲೆ ಕಾಣಿಸಿಕೊಂಡಿತು.

"ಏನಿದು, ದಿಂಬಾ?"

"ಕಾಯುವುದು," ಎಂದ ನಿರಾಕಾರಪ್ಪ. ಸಂಜೆ ಗ್ರಂಥಾಲಯದವರು ಬರುವುದನ್ನೂ, ಇದಕ್ಕೇನಾದರೂ ಆದರೆ ಕೋಣೆ ಹೋಗುವುದನ್ನೂ ಹೇಳಿದ.

"ಅಷ್ಟೇ ತಾನೇ. ಕಾಯೋದಾದ್ರೆ ನಮ್ಮ ನಾಯಿ ಇಲ್ವಾ? ನೀವು ಹೋಗಿ ಬಟ್ಟೆ ಬದಲಾಯಿಸ್ಕೊಳ್ಳಿ. ನಾಲ್ಕರವರೆಗೆ ಒಂದು ನೊಣ ಹತ್ರ ಬಂದ್ರೆ ನನ್ನನ್ನ ಕೇಳಿ."

ಬೇಡವೆನ್ನುವುದರೊಳಗೆ ನಾಯಿ ಬಂತು. ಕರುವಿನಷ್ಟು ಎತ್ತರ. ಅದನ್ನು ಸ್ಟೂಲಿನ ಕಾಲಿಗೆ ಕಟ್ಟಿದರು. ನಾಯಿ ಸ್ಟೂಲಿನ ಕೆಳಗೆ ಕೂತು ಓಣಿಯ ಎರಡೂ ತುದಿ ನೋಡಿತು. ಕಾಂಪೌಂಡರ್ ಹೇಳಿದ್ದು ನಿಜವಾಗಿತ್ತು. ನೊಣವನ್ನೂ ಬಿಡಲಿಲ್ಲ. ಶಿಲ್ಪಿಯನ್ನೂ ಬಿಡಲಿಲ್ಲ. ಬಟ್ಟೆ ಬದಲಾಯಿಸಿ ಬಂದ ನಿರಾಕಾರಪ್ಪ ಒಂದು ಹೆಜ್ಜೆ ಮುಂದಿಟ್ಟರೆ ಗುರ್ರೆನ್ನುತ್ತಿತ್ತು, ಹಿಂದಿಟ್ಟರೆ ಬಾಲ ಅಲ್ಲಾಡಿಸುತ್ತಿತ್ತು.

"ಒಳ್ಳೇ ಅಂಗಿ ಹಾಕಿದೀರಲ್ಲ, ಗುರುತು ಸಿಗ್ಲಿಲ್ಲ," ಎಂದರು ಕಾಂಪೌಂಡರ್.

ಕೆಲಸಕ್ಕೆ ಒಗ್ಗಿದ ಮೇಲೆ ನಾಯಿಗೆ ಕಾಯುವ ವಸ್ತುವಿನ ಮೇಲೆ ಪ್ರೀತಿ ಹುಟ್ಟಿತು. ಅದನ್ನು ಮೆಲ್ಲಗೆ ಬಾಯಲ್ಲಿ ಹಿಡಿದು ಇಳಿಸಿಕೊಂಡಿತು. ನೆಕ್ಕಿತು. ಮಡಿಲಲ್ಲಿಟ್ಟುಕೊಂಡು ಒಂದು ಕಡೆಯಿಂದ ಬಿಚ್ಚತೊಡಗಿತು. ಒಳಗಿನ ಹತ್ತಿ ಗಾಳಿಗೆ ಹೊರಟು ಅಂಗಳದ ತುಂಬ ನಿಧಾನವಾಗಿ ಹಾರಾಡಿತು. ಒಂದು ಎಳೆ ಬಂದು ನಿರಾಕಾರಪ್ಪನ ರೆಪ್ಪೆಯ ಮೇಲೆ ಕೂತಿತು. ಮೋಡದಲ್ಲಿ ಮಾಡಿದರೆ ಹೇಗೆ ಎಂದು ಅವನಿಗೆ ಅನ್ನಿಸಿತು. ಆಮೇಲೆ ಗಂಟೆ ಮೂರಾದದ್ದು ನೆನಪಾಯಿತು.

"ಕಲ್ಲಿಂದು ಇದ್ಯಲ್ಲ," ಎಂದರು ಕಾಂಪೌಂಡರ್. ನಾಯಿಯ ತಪ್ಪಿಗೆ ಅವರಿಗೂ ಸ್ವಲ್ಪ ಮುಜುಗರವಾಗಿತ್ತು. "ಅದನ್ನ ಯಾವ ನಾಯಿ ತಿನ್ನುತ್ತೆ? ನಾನು ಕೈ ಹಾಕ್ತೀನಿ ಬನ್ನಿ."

ಇಬ್ಬರೂ ಸೇರಿ ಹಿತ್ತಿಲಿನಿಂದ ಅದನ್ನು ತಳ್ಳುಗಾಡಿಗೆ ಏರಿಸಿದರು. ಮನೆಯ ಪಕ್ಕದ ಇಳಿಜಾರಿನಲ್ಲಿ ಮುಂದಕ್ಕೆ ತರಬೇಕಿತ್ತು. ಮೊದಲ ಮೂರು ಮಾರು ಇವರು ಗಾಡಿಯನ್ನು ತಳ್ಳಿದರು. ಅಲ್ಲಿಂದಾಚೆಗೆ ಗಾಡಿ ಇವರನ್ನು ಎಳೆದುಕೊಂಡು ಹೋಯಿತು. ಮೆಟ್ಟಿಲ ಹತ್ತಿರ ಚಕ್ರ ಎಡವಿ, ಕಲ್ಲು ಜಾರಿ, ತಲೆಕೆಳಗಾಗಿ ಹೂವಿನ ಪಾತಿಯ ಹಸಿಮಣ್ಣಿನಲ್ಲಿ ಅರ್ಧ ಹೂತು ನಿಂತಿತು. ಎಷ್ಟು ಎಳೆದರೂ ಅಲ್ಲಾಡಲಿಲ್ಲ.

"ಇರಲಿ ಬಿಡಿ, ಹೀಗೇ ತೋರಿಸಿ. ತಲೆ ಮೇಲಿದ್ಯೋ ಕೆಳಗಿದ್ಯೋ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ," ಎಂದ ನಿರಾಕಾರಪ್ಪ. ಕಾಂಪೌಂಡರ್ ಕಲ್ಲಿಗೆ ಇನ್ನೊಂದು ಸಲ ಹೆಗಲು ಕೊಟ್ಟು ನೋಡಿದರು.

ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಗಿರಾಕಿಯ ಮನೆಯಿಂದ ಬಂದ ಹೆಂಡತಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು, ಅಂಗಳದ ತುಂಬ ಹತ್ತಿ, ಪಾತಿಯಲ್ಲಿ ಕಲ್ಲು, ಒಲೆಯ ಮೇಲೆ ಮೇಣದ ಸಾರು ನೋಡಿದಳು. ಕೋಣೆಗೆ ಹೋಗಿ ಕಿಟಕಿಯ ಅಗಲವನ್ನು ಅಳೆದುಕೊಂಡಳು.

ಅಷ್ಟರಲ್ಲಿ ಹಿತ್ತಿಲಲ್ಲಿ ಹಕ್ಕಿ ಚೀರಿತು. ಹತ್ತಿ ತಿಂದು ಬೇಸರವಾದ ನಾಯಿ ಸ್ಟೂಲನ್ನೂ ಎಳೆದುಕೊಂಡು, ಕಲ್ಲು ತೆಗೆದ ಮೇಲೆ ತೆರೆದೇ ಇದ್ದ ಹಿತ್ತಿಲ ಬಾಗಿಲಿನಿಂದ ಒಳನುಗ್ಗಿ ತಂತಿಯ 'ಕಾಯುವುದ'ರ ಮುಂದೆ ನಿಂತಿತ್ತು. ನಿರಾಕಾರಪ್ಪ ಪೊರಕೆ ಹಿಡಿದು ಓಡಿದ. ನಾಯಿಗೂ ಗೂಡಿಗೂ ನಡುವೆ ನೆಲದ ಮೇಲೆ ಕೂತುಬಿಟ್ಟ. ನಾಯಿಯೂ ಕೂತಿತು. ಯಾರೂ ಅಲ್ಲಾಡಲಿಲ್ಲ. ಬೆನ್ನಿನ ಹಿಂದೆ ತಂತಿಯೊಳಗೆ ಹಕ್ಕಿ ಮೆಲ್ಲಗೆ ಮತ್ತೆ ಮೊಟ್ಟೆಯ ಮೇಲೆ ಕೂತದ್ದು ಅವನಿಗೆ ಕೇಳಿಸಿತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದು ತಂತಿಯ ನೆರಳು ಅವನ ಸುತ್ತ ಬಲೆಯಂತೆ ಹರಡಿಕೊಂಡಿತು. ಗ್ರಂಥಾಲಯ, ಕೋಣೆ, ಕಿಟಕಿ ಎಲ್ಲ ದೂರ ಹೋದವು. ಈ ಮೂರು ಮೊಟ್ಟೆ ಉಳಿದರೆ ಸಾಕು ಎನ್ನಿಸಿತು.

ಎಷ್ಟು ಹೊತ್ತಾಯಿತೋ. ಪಕ್ಕದಲ್ಲಿ ಚಪ್ಪಲಿಯ ಸದ್ದಾಯಿತು.

"ಅಲ್ಲೇ ನಿಲ್ಲಿ," ಎಂದ, ಕಣ್ಣು ನಾಯಿಯ ಮೇಲಿಂದ ತೆಗೆಯದೆ. "ಹತ್ರ ಬರ್ಬೇಡಿ."

"ನಾನು ಗ್ರಂಥಾಲಯದಿಂದ ಬಂದಿದೀನಿ," ಎಂದಿತು ಹೆಂಗಸಿನ ದನಿ.

"ಯಾರಾದ್ರೂ ಅಷ್ಟೇ. ಒಳಗೆ ಮೊಟ್ಟೆ ಇದೆ."

ಕಾಂಪೌಂಡರ್ ಬಂದು ನಾಯಿಯನ್ನು ಎಳೆದುಕೊಂಡು ಹೋದ ಮೇಲೆಯೇ ಅವನು ತಿರುಗಿದ್ದು. ಅಧಿಕಾರಿ ಐವತ್ತರ ಆಸುಪಾಸಿನವರು. ಕೈಯಲ್ಲಿ ಕಡತ. ಹಿಂದೆ ಹೆಂಡತಿ, ಅತ್ತೆ.

"ನಾನು ಬಂದು ಇಪ್ಪತ್ತು ನಿಮಿಷ ಆಯ್ತು," ಎಂದರು ಅಧಿಕಾರಿ. "ಮಾತಾಡಿಸದೆ ನೋಡ್ತಾ ನಿಂತಿದ್ದೆ. ನಿಜ ಹೇಳ್ಬೇಕು ಅಂದ್ರೆ, ಇಂಥ ಕಾಯುವುದನ್ನ ನಾನು ಎಲ್ಲೂ ನೋಡಿಲ್ಲ."

ನಿರಾಕಾರಪ್ಪ ಪೊರಕೆ ಕೆಳಗಿಟ್ಟು ಎದ್ದು ನಿಂತ. ತಂತಿಯದನ್ನು, ಹಿತ್ತಿಲಲ್ಲಿ ಬಿದ್ದು ತುಕ್ಕು ಹಿಡಿದ ತಂತಿಯದನ್ನು, ಈಕೆ ಇಪ್ಪತ್ತು ನಿಮಿಷ ನೋಡಿದ್ದರು. "ಅದರಲ್ಲಿ... ಯಾವುದು ಹಿಡಿಸ್ತು ಮೇಡಂ?"

"ಆ ಬೆನ್ನು. ಸ್ವಲ್ಪ ಮುಂದಕ್ಕೆ ಬಾಗಿದೆ, ಆದ್ರೆ ಜಗ್ಗಲ್ಲ. ಅದನ್ನ ನೋಡೇ ತೀರ್ಮಾನ ಮಾಡ್ದೆ."

"ಹನ್ನೆರಡು ವರ್ಷ ಆ ಬೆನ್ನಿಗೇ ಒದ್ದಾಡಿದೀನಿ," ಎಂದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಕೊರಳಿನ ಟೇಪನ್ನು ಮೆಲ್ಲಗೆ ಸುತ್ತಿಡುತ್ತಿದ್ದಳು. ಅವಳ ಮುಖದಲ್ಲೂ ಸಂತೋಷವಿತ್ತು. ಕೋಣೆ ತನ್ನ ಕೈತಪ್ಪಿದರೂ ಪರವಾಗಿಲ್ಲ ಎನ್ನುವಂಥ ಸಂತೋಷ.

"ಸೋಮವಾರದಿಂದ ಬಾಗಿಲ ಪಕ್ಕ ಇರ್ಬೇಕು."

"ಹಕ್ಕಿಮರಿ ಹಾರೋವರೆಗೆ ಒಂದೆರಡು ವಾರ ಸಮಯ ಕೊಡ್ತೀರಾ? ಆಮೇಲೆ ಸಾಗಿಸೋಕೆ ಗಾಡಿ ನೀವೇ ಕಳಿಸ್ತೀರೋ, ನಾನೇ ನೋಡ್ಬೇಕೋ?"

ಅಧಿಕಾರಿಗೆ ಅರ್ಥವಾಗಲಿಲ್ಲ. "ಗಾಡಿ ಯಾಕೆ? ನಡ್ಕೊಂಡೇ ಬನ್ನಿ, ಹತ್ತು ನಿಮಿಷದ ದಾರಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಭಾನುವಾರ ರಜ. ಸಮವಸ್ತ್ರಕ್ಕೆ ಅಳತೆ ಕೊಟ್ಬಿಡಿ." ಕಡತ ತೆರೆದು ಅರ್ಜಿ ನೋಡಿದರು. "ಕಾವಲುಗಾರನ ಕೆಲಸಕ್ಕೆ ನಲವತ್ತು ಅರ್ಜಿ ಬಂದಿತ್ತು. ಹನ್ನೆರಡು ವರ್ಷ ಕಾದವರು, ಅದೂ ಕಲ್ಲು, ಮರ, ತಂತಿ, ಬಟ್ಟೆ, ಮೇಣ ಇಷ್ಟು ಥರದ ಗೋದಾಮು ಕಾದವರು, ನೀವೊಬ್ರೇ."

ನಿರಾಕಾರಪ್ಪ ತಿರುಗಿ ತಂತಿಯದನ್ನು ನೋಡಿದ, ಆಮೇಲೆ ಅಧಿಕಾರಿಯ ಕೈಯಲ್ಲಿದ್ದ ಕಡತವನ್ನು.

"ಶಿಲ್ಪ ಬೇಕು ಅಂತ ಹಾಕಿದ್ರಲ್ಲ," ಎಂದ ಅವನು ಕೊನೆಗೆ, ತೀರ ಸಣ್ಣ ದನಿಯಲ್ಲಿ.

"ಪೀಠ ಮಾಡಿಟ್ಟಿದೀವಿ. ಆರಿಸೋಕೆ ಸಮಿತಿ ಆಗ್ಬೇಕು. ಅದಕ್ಕೆ ಇನ್ನೊಂದೆರಡು ವರ್ಷ ಕಾಯ್ಬೇಕಷ್ಟೇ."

ಬೇಡವೆನ್ನಲು ಅವನು ಬಾಯಿ ತೆರೆದ. ಹೆಂಡತಿ ಆಗಲೇ ಅವನ ತೋಳು ಎತ್ತಿಸಿ ಎದೆಯ ಸುತ್ತ ಟೇಪು ಹಾಕಿದ್ದಳು. "ಸಮವಸ್ತ್ರ ನಾನೇ ಹೊಲಿದು ಕೊಡ್ತೀನಿ ಮೇಡಂ," ಎಂದಳು.

"ಕೋಣೆ ನನ್ದೇ ತಾನೇ?" ಎಂದ ನಿರಾಕಾರಪ್ಪ, ತೋಳು ಮೇಲೆತ್ತಿಕೊಂಡೇ. "ಗ್ರಂಥಾಲಯದವರೇ ಕೇಳಿ ತಗೊಂಡು ಹೋಗ್ತಾ ಇದಾರಲ್ಲ."

"ನೀವು ಮಾಡಿದ್ದು ಹೋಗ್ಬೇಕು ಅಂದಿದ್ದೆ. ಹೋಗ್ತಿರೋದು ನೀವು. ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ, ಬೆನ್ನು ಬಾಗಿದೆ."

ಸೋಮವಾರ ಇಡೀ ದಿನ ಅವನು ಹಜಾರದ ಬಾಗಿಲ ಪಕ್ಕ, ಕಾಯ್ದಿರಿಸಿದ ಸ್ಥಳದಲ್ಲಿ ಕೂತಿದ್ದ. ಎದುರಿಗೆ ಖಾಲಿ ಪೀಠ. ಗಾಜಿನಿಂದ ಬಿದ್ದ ಬಿಸಿಲು ಗಂಟೆಗೊಂದು ಬಗೆಯಲ್ಲಿ ಪೀಠದ ಮೇಲೆ ಏರಿತು, ಒರಗಿತು, ಇಳಿಯಿತು. ಸಂಜೆಯ ಹೊತ್ತಿಗೆ ಆ ಖಾಲಿ ಜಾಗದಲ್ಲಿ ಅವನಿಗೆ ಸ್ಪಷ್ಟವಾಗಿ ಕಂಡಿತು: ಆರನೆಯ 'ಕಾಯುವುದು'. ಗಾಜಿನದು. ಬಕೆಟ್ಟಿನ ನೀರಿನಲ್ಲಿ ಎದ್ದ ಬಳೆಯೇ ಉಬ್ಬಾಗಿ, ತಗ್ಗಾಗಿ. ಉಳಿದ ಐದರಲ್ಲೂ ಏನು ತಪ್ಪಿತ್ತೆಂದು ಒಂದೇ ಕ್ಷಣಕ್ಕೆ ತಿಳಿಯಿತು. ಮರೆತುಹೋಗುವ ಮುಂಚೆ ಮಣ್ಣಿನಲ್ಲೊಂದು ಅಚ್ಚು ತೆಗೆದಿಟ್ಟುಕೊಳ್ಳಬೇಕೆಂದು, ಎರಡು ಕೈಯಲ್ಲೂ ಆ ಆಕಾರವನ್ನು ಗಾಳಿಯಲ್ಲಿ ಹಿಡಿದುಕೊಂಡೇ ಓಡೋಡಿ ಮನೆಗೆ ಬಂದ. ಓಣಿಯವರು ದಾರಿ ಬಿಟ್ಟರು.

ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮಷೀನಿನ ಸದ್ದು, ಹೆಂಗಸರ ನಗು. ಬಾಗಿಲಿಗೆ ಹೆಂಡತಿಯ ಕೈಬರಹದ ಚೀಟಿ ಅಂಟಿಸಿತ್ತು: 'ಒಳಗೆ ಗಿರಾಕಿಗಳ ಅಳತೆ ನಡೆದಿದೆ. ಗಂಡಸರು ಹೊರಗೇ ಕಾಯಲಿ.'

ನಿರಾಕಾರಪ್ಪ ಹೊರಗೆ ಬಂದು ಪಾತಿಯಲ್ಲಿ ಹೂತಿದ್ದ ಕಲ್ಲಿನ ಮೇಲೆ ಕೂತ. ತಲೆಕೆಳಗಾದ ಮೇಲೆ ಅದರ ತಗ್ಗು ಕೂರಲು ಬಹಳ ಅನುಕೂಲವಾಗಿತ್ತು. ಕೈಯನ್ನು ಇಳಿಸಲಿಲ್ಲ. ಇಳಿಸಿದರೆ ಆಕಾರ ಹೋದೀತೆಂಬ ಭಯ. ಹೊತ್ತು ಹೋದಂತೆ ತೋಳು ಸೋತು, ಗಾಜಿನ ಉಬ್ಬು ಸ್ವಲ್ಪ ಸ್ವಲ್ಪವೇ ಚಪ್ಪಟೆಯಾಗುತ್ತಿರುವುದು ಅವನಿಗೆ ತಿಳಿಯುತ್ತಿತ್ತು.

ಅತ್ತೆ ಬಾಗಿಲಿಗೆ ಬಂದರು. ಅಳಿಯನ ಸಮವಸ್ತ್ರವನ್ನೂ, ಮೇಲೆತ್ತಿದ ಕೈಗಳನ್ನೂ, ಬಾಗಿದ ಬೆನ್ನನ್ನೂ ನೋಡಿದರು. ಆಕೆಗೆ ಪಾಪವೆನ್ನಿಸಿತು.

"ಕೈಕಾಲು ತೊಳ್ಕೊಳ್ಳಿ ಬನ್ನಿ," ಎಂದರು. "ನೀರು ಕಾದಿದೆ."

"ನಾನೂ ಕಾದಿದೀನಿ ಅತ್ತೆ," ಎಂದ ನಿರಾಕಾರಪ್ಪ.